ಪಶ್ಚಾತ್ತಾಪಕ್ಕೊಂದು ಹಿಡಿ ಕೊಸರು

ಪಾಪನಿವೇದನೆ ಅಂದಕೂಡಲೇ ಹೆಚ್ಚಿನವರಿಗೆ ನೆನಪಾಗೋದು ಸಿನಿಮಾ. ಒಂದು ಮರದ ಗೂಡು, ನಡುವೆ ಜಾಲರಿ ಕಿಟಕಿ, ಆ ಕಡೆ ಬಿಳಿ ನಿಲುವಂಗಿಯ ಪಾದ್ರಿ, ಈ ಕಡೆ ಮಂಡಿಯೂರಿದ ಖಳನಾಯಕ. ಅವನು ಏನೋ ಹೇಳಿಕೊಂಡು ಅಳ್ತಾನೆ, ಹಿನ್ನೆಲೆಯಲ್ಲಿ ಪಿಯಾನೋ ನುಡಿಯುತ್ತೆ, ಪಾದ್ರಿ ಕೈ ಎತ್ತಿ ಆಶೀರ್ವದಿಸ್ತಾರೆ. ಅಲ್ಲಿಗೆ ಪಾಪ ಖಲಾಸ್! ಹೊರಗೆ ಬರುವಾಗ ಅವನ ಮುಖದಲ್ಲಿ ಆಗಷ್ಟೇ ಸ್ನಾನ ಮಾಡಿ ಬಂದಂಥ ಕಳೆ.

ಇದನ್ನು ನೋಡಿದ ನನ್ನ ಗೆಳೆಯರು "ಒಳ್ಳೇ ಅನುಕೂಲ ಕಣಯ್ಯ ನಿಮ್ಮ ಧರ್ಮದಲ್ಲಿ, ಮಾಡೋದೆಲ್ಲ ಮಾಡಿ ಕಿವೀಲಿ ಉಸುರಿಬಿಟ್ರೆ ಮುಗೀತು" ಅಂತ ಆಗಾಗ ಕಾಲೆಳೆಯೋದುಂಟು. ನಾನು ನಕ್ಕು ಸುಮ್ಮನಾಗ್ತೀನಿ. ಆದರೆ ಅದು ನಕ್ಕು ಸುಮ್ಮನಾಗುವಂಥ ಪ್ರಶ್ನೆಯಲ್ಲ. ಕ್ರೈಸ್ತರಾದ ನಮ್ಮಲ್ಲೇ ಎಷ್ಟೋ ಜನ ಹಾಗೇ ಅಂದುಕೊಂಡಿದ್ದೇವೆ. ಅದಕ್ಕೇ ಇವತ್ತು ಈ ವಿಷಯ ಬರೆಯೋಣ ಅನ್ನಿಸಿತು. ಹೆದರಬೇಡಿ, ಪ್ರಸಂಗ ಮಾಡೋದಿಲ್ಲ. ನಾನು ಪಾದ್ರಿಯೂ ಅಲ್ಲ, ದೈವಶಾಸ್ತ್ರ ಓದಿದವನೂ ಅಲ್ಲ.

ಮೊದಲು ಪದದಿಂದಲೇ ಶುರು ಮಾಡೋಣ. ಪಶ್ಚಾತ್ತಾಪ ಅನ್ನೋ ಪದ ಎಷ್ಟು ಚೆಂದ ನೋಡಿ. ಪಶ್ಚಾತ್ ಅಂದರೆ ಆಮೇಲೆ, ತಾಪ ಅಂದರೆ ಬೇಗೆ. ಮಾಡಿ ಮುಗಿದ ಮೇಲೆ ಒಳಗೆ ಸುಡುವ ಬೇಗೆ. ಆದರೆ ಈ ಪದದಲ್ಲಿ ಒಂದು ಕೊರತೆ ಇದೆ ಅಂತ ನನಗನ್ನಿಸುತ್ತೆ. ಅದು ಬೇಗೆಯ ಹತ್ತಿರವೇ ನಿಂತುಬಿಡುತ್ತೆ. ಬೈಬಲಿನ ಹಳೇ ಒಡಂಬಡಿಕೆ ಬರೆದ ಹೀಬ್ರೂ ಭಾಷೆಯಲ್ಲಿ ಇದಕ್ಕೆ ಬಳಸುವುದು 'ಶೂವ್' ಅನ್ನೋ ಕ್ರಿಯಾಪದ. ಅದರ ಅರ್ಥ ತಿರುಗು, ಹಿಂದಿರುಗು, ಅಷ್ಟೇ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ 'ಮೆಟನೋಯಾ', ಅಂದರೆ ಮನಸ್ಸು ಬದಲಾಗುವುದು. ನಮ್ಮ ಹಳೇ ಕನ್ನಡ ಬೈಬಲಿನವರೂ ಇದನ್ನು ಅರಿತೇ 'ತಿರುಗಿಕೊಳ್ಳು' ಅನ್ನುವ ಮಾತನ್ನೂ 'ಮಾನಸಾಂತರ' ಅನ್ನುವ ಪದವನ್ನೂ ಬಳಸಿದರು.

ಮೆಜೆಸ್ಟಿಕ್ಕಿನಲ್ಲಿ ತುಮಕೂರಿಗೆ ಹೋಗಬೇಕಾದವನು ಮೈಸೂರು ಬಸ್ಸು ಹತ್ತಿದ ಅಂತಿಟ್ಟುಕೊಳ್ಳಿ. ಬಿಡದಿ ಹತ್ತಿರ ಗೊತ್ತಾಯ್ತು. ಸೀಟಿನಲ್ಲೇ ಕೂತು "ಅಯ್ಯೋ ತಪ್ಪು ಬಸ್ಸು ಹತ್ತಿಬಿಟ್ಟೆ" ಅಂತ ಎಷ್ಟು ಅತ್ತರೂ ಬಸ್ಸು ಮೈಸೂರಿಗೇ ಹೋಗುತ್ತೆ. ಇಳೀಬೇಕು, ರಸ್ತೆ ದಾಟಬೇಕು, ಆ ಕಡೆಯ ಬಸ್ಸಿಗೆ ಕಾಯಬೇಕು, ಇನ್ನೊಂದು ಟಿಕೆಟ್ಟಿಗೆ ಜೇಬಿನಿಂದ ದುಡ್ಡು ತೆಗೀಬೇಕು. ಅತ್ತದ್ದು ಬೇಗೆ. ಇಳಿದದ್ದು ತಿರುಗಿದ್ದು. ಎರಡೂ ಒಂದೇ ಅಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಪದ ಪಾವಿತ್ರ್ಯ. ನಮ್ಮ ಕಡೆ ಅದನ್ನು ಕೇಳಿದರೆ ಮಡಿ ನೆನಪಾಗುತ್ತೆ. ಮುಟ್ಟದೆ, ತಾಕಿಸಿಕೊಳ್ಳದೆ, ದೂರ ನಿಲ್ಲೋದು. ಹೀಬ್ರೂವಿನ 'ಕಾದೋಶ್' ಅನ್ನುವ ಪದಕ್ಕೂ ಪ್ರತ್ಯೇಕವಾಗಿಟ್ಟದ್ದು ಅನ್ನುವ ಅರ್ಥವೇ ಇದೆ. ಹಾಗಾಗಿ ಪವಿತ್ರರಾಗಿರಿ ಅಂತ ದೇವರು ಹೇಳುವ ಯಾಜಕಕಾಂಡದ 19ನೇ ಅಧ್ಯಾಯ ತೆರೆದರೆ ಸ್ನಾನ, ಉಪವಾಸ, ಧ್ಯಾನಗಳ ಪಟ್ಟಿಯೇ ಇರುತ್ತೆ ಅಂದುಕೊಳ್ತೀವಿ. ಅಲ್ಲಿ ಬಲಿಯ ವಿಷಯವೂ ಇದೆ, ಸಬ್ಬತ್ತಿನ ವಿಷಯವೂ ಇದೆ, ನಿಜ. ಆದರೆ ಅದರ ಜೊತೆಜೊತೆಗೇ ಇನ್ನೂ ಏನೇನಿದೆ ಗೊತ್ತಾ? ಪೈರು ಕೊಯ್ಯುವಾಗ ಹೊಲದ ಅಂಚಿನ ತೆನೆಗಳನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು. ಕಿವುಡರನ್ನು ಬೈಯಬಾರದು, ಕುರುಡರ ದಾರಿಗೆ ಅಡ್ಡ ಇಡಬಾರದು. ಕೊನೆಕೊನೆಗೆ, ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆ ಎಲ್ಲ ನ್ಯಾಯವಾಗಿರಬೇಕು! ಪವಿತ್ರರಾಗಿರಿ ಅಂತ ಶುರುವಾದದ್ದು ಅಂಗಡಿಯ ಸೇರಿನ ಹತ್ತಿರ ಬಂದು ನಿಲ್ಲುತ್ತೆ.

ಸೇರು ಅಂದಾಗ ನಮ್ಮಜ್ಜಿ ಹೇಳ್ತಿದ್ದ ಒಂದು ಕತೆ ಹೇಳಲೇಬೇಕು.

ಅಜ್ಜಿಯ ಊರು ಕನಕಪುರದ ಕಡೆ. ಊರಿನ ತುಂಬ ಕಥೋಲಿಕರೇ. ಅವಳು ಸೊಸೆಯಾಗಿ ಬಂದ ಹೊಸತರಲ್ಲಿ ಪೂಜೆಯೆಲ್ಲ ಲ್ಯಾಟಿನಿನಲ್ಲಿ ನಡೀತಿತ್ತಂತೆ. ಯಾರಿಗೂ ಒಂದಕ್ಷರ ತಿಳೀತಿರಲಿಲ್ಲ. ಪಾಪನಿವೇದನೆ ಮಾತ್ರ ಕನ್ನಡದಲ್ಲೇ ಆಗಬೇಕಿತ್ತಲ್ಲ, ಅಲ್ಲಿ ಲ್ಯಾಟಿನ್ ನಡೆಯೋ ಹಾಗಿಲ್ಲ! ಊರಿನಲ್ಲಿ ಒಂದೇ ಒಂದು ದಿನಸಿ ಅಂಗಡಿ. ಅಂಗಡಿಯವನು ದೈವಭಕ್ತ. ಭಾನುವಾರದ ಪೂಜೆ ತಪ್ಪಿಸಿದವನಲ್ಲ, ಸಂಜೆ ಜಪಸರ ಮುಗಿಯದೆ ಅವನ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ಆದರೆ ಅವನ ಅಂಗಡಿಯ ಸೇರಿನ ತಳ ಒಂದಿಷ್ಟು ಒಳಕ್ಕೆ ತಗ್ಗಿತ್ತು. ನೋಡಿದರೆ ಬಿದ್ದು ನೆಗ್ಗಿದಂತೆ ಕಾಣುತ್ತಿತ್ತು. ಊರಿಗೆಲ್ಲ ಗೊತ್ತು, ಕೇಳೋರು ಯಾರು? ಸಾಲ ಕೊಡುವವನೂ ಅವನೇ ತಾನೆ.

ಒಂದು ವರ್ಷ ಪಾಸ್ಕ ಹಬ್ಬಕ್ಕೆ ಮುಂಚೆ ಬೇರೆ ಊರಿಂದ ಒಬ್ಬರು ವಯಸ್ಸಾದ ಸ್ವಾಮಿಗಳು ಪಾಪನಿವೇದನೆ ಕೇಳೋದಕ್ಕೆ ಬಂದಿದ್ದರಂತೆ. ಅಂಗಡಿಯವನೂ ಸಾಲಿನಲ್ಲಿ ನಿಂತ. ಮಿಕ್ಕವರು ಎರಡು ನಿಮಿಷಕ್ಕೆ ಎದ್ದು ಬಂದರೆ ಇವನು ಏಳಲೇ ಇಲ್ಲ. ಬಹಳ ಹೊತ್ತಿನ ಮೇಲೆ ಎದ್ದು, ಯಾರ ಮುಖವನ್ನೂ ನೋಡದೆ ಮನೆಗೆ ಹೋದ.

ಒಳಗೆ ಏನು ಮಾತಾಯಿತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗೊತ್ತಾಗೋದಕ್ಕೂ ಸಾಧ್ಯವಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆಡಹುವಂತಿಲ್ಲ. ಅಂಗಡಿಯವನೂ ಸಾಯುವ ತನಕ ಬಾಯಿ ಬಿಡಲಿಲ್ಲ. ಊರಿಗೆ ವಿಷಯ ತಿಳಿದದ್ದು ಬೇರೆ ರೀತಿ. ಹಬ್ಬ ಕಳೆದ ಮೇಲೆ ಅಂಗಡಿಯಲ್ಲಿ ಹೊಸ ಸೇರು ಬಂದಿತ್ತು. ಅದರಲ್ಲಿ ತಲೆತುಂಬ ಅಳೆದು, ಅದರ ಮೇಲೆ ಎರಡೂ ಕೈ ಜೋಡಿಸಿ ಒಂದು ಬೊಗಸೆ ಕೊಸರು ಹಾಕುತ್ತಿದ್ದ. ಎಲ್ಲರಿಗೂ ಅಲ್ಲ! ಹೊಸದಾಗಿ ಬಂದವರಿಗೆ ಅಳತೆಯಷ್ಟೇ. ಹಳೇ ಗಿರಾಕಿಗಳಿಗೆ ಮಾತ್ರ ಬೊಗಸೆ ಕೊಸರು. ಅದೂ ಒಂದು ತಿಂಗಳಲ್ಲ, ವರ್ಷಗಟ್ಟಲೆ. "ಮನೇಲಿ ರಾಗಿ ಮಡಕೆಗೆ ಸುರಿದರೆ ಗೊತ್ತಾಯ್ತಿತ್ತು ಕಣ್ಮಗ, ಸ್ವಾಮ್ಯೋರು ಏನು ಹೇಳವ್ರೆ ಅಂತ" ಅಂತ ಅಜ್ಜಿ ನಗೋಳು.

ಕೊಸರು ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಸಂತೆಯಲ್ಲಿ ಹೂವೋ ಸೊಪ್ಪೋ ಕೊಂಡಾಗ ಅಳತೆಯ ಮೇಲೆ ಕೈಯೆತ್ತಿ ಹಾಕುವ ಒಂದಿಷ್ಟು. ಬೈಬಲಿನ ಲೆಕ್ಕದಲ್ಲಿ ಪಶ್ಚಾತ್ತಾಪಕ್ಕೂ ಕೊಸರು ಇದೆ ಅನ್ನೋದು ನನಗೆ ಎಷ್ಟೋ ವರ್ಷದ ಮೇಲೆ ಓದಿ ತಿಳಿದದ್ದು. ಯಾಜಕಕಾಂಡದ ಆರನೇ ಅಧ್ಯಾಯದ ಪ್ರಕಾರ, ಮೋಸದಿಂದ ಯಾರದಾದರೂ ಸೊತ್ತು ಇಟ್ಟುಕೊಂಡವನು ಅಸಲನ್ನು ಹಿಂದಕ್ಕೆ ಕೊಟ್ಟು ಅದರ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು. ದೇವರಿಗೆ ಬಲಿ ತರುವುದು ಅದರ ಜೊತೆಗೆ. ಮತ್ತಾಯನ ಶುಭಸಂದೇಶದಲ್ಲಿ ಯೇಸು ಇನ್ನೊಂದು ಹೆಜ್ಜೆ ಮುಂದೆ ಹೋಗ್ತಾನೆ. ಕಾಣಿಕೆ ಹಿಡಿದು ಪೀಠದ ಹತ್ತಿರ ಬಂದವನಿಗೆ ತನ್ನ ಮೇಲೆ ಸಹೋದರನ ದೂರಿದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗಬೇಕು. ದೇವರು ಕಾಯ್ತಾನಂತೆ!

ಇನ್ನು ಲೂಕನ ಶುಭಸಂದೇಶದ ಜಕ್ಕಾಯನ ಕತೆ. ಜೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಹಣವಂತ, ಕುಳ್ಳ. ಯೇಸುವನ್ನು ನೋಡೋದಕ್ಕೆ ಅತ್ತಿಮರ ಹತ್ತಿದವನು. ಈ ಮರದ ಭಾಗ ಮಕ್ಕಳಿಗೂ ಗೊತ್ತು. ಆದರೆ ಕತೆಯ ತಿರುಳು ಆಮೇಲಿದೆ. ಯೇಸು ಅವನ ಮನೆಗೆ ಬಂದಾಗ ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ಅದಕ್ಕೆ ನಾಲ್ಕರಷ್ಟು ವಾಪಸ್ಸು ಅಂತ ಎದ್ದು ನಿಂತು ಹೇಳ್ತಾನೆ. ಐದನೇ ಒಂದು ಭಾಗ ಸಾಕಿತ್ತಲ್ಲ, ನಾಲ್ಕರಷ್ಟು ಯಾಕೆ? ಕುರಿ ಕದ್ದು ಕೊಯ್ದವನಿಗೆ ಮೋಶೆಯ ಕಾನೂನು ಹಾಕುವ ದಂಡ ಒಂದು ಕುರಿಗೆ ನಾಲ್ಕು ಕುರಿ. ಅಂದರೆ ಜಕ್ಕಾಯ ತನ್ನನ್ನು ತಾನೇ ಕುರಿಗಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡ. ಈ ಮಾತು ಬಂದ ಮೇಲೇ ಯೇಸು ಈ ಮನೆಗೆ ರಕ್ಷಣೆ ಬಂತು ಅಂತ ಹೇಳೋದು. ಕತೆಯಲ್ಲಿ ಜಕ್ಕಾಯ ಅತ್ತ ಅಂತ ಎಲ್ಲೂ ಇಲ್ಲ ನೋಡಿ.

ಕಥೋಲಿಕ ಧರ್ಮಸಭೆಯ ಪಾಪನಿವೇದನೆ ಸಂಸ್ಕಾರವೂ ಇದೇ ಲೆಕ್ಕದ ಮೇಲೆ ನಿಂತದ್ದು. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕು ಅಂತ ಕಟ್ಟಳೆ ಬಂದದ್ದು 1215ರ ಲ್ಯಾಟರನ್ ಮಹಾಸಭೆಯಲ್ಲಿ. ಪಾಪಿ ಮಾಡಬೇಕಾದ್ದು ಮೂರು ಅಂತ 1551ರಲ್ಲಿ ಟ್ರೆಂಟ್ ಮಹಾಸಭೆ ಸ್ಪಷ್ಟಪಡಿಸಿತು: ಮನಸಾರೆ ಮರುಗುವುದು, ಬಾಯಿಬಿಟ್ಟು ಹೇಳುವುದು, ಪ್ರಾಯಶ್ಚಿತ್ತ ಮಾಡುವುದು. ಸಿನಿಮಾದಲ್ಲಿ ಮೊದಲೆರಡು ಮಾತ್ರ ಕಾಣುತ್ತೆ. ನಮ್ಮಲ್ಲೂ ಎಷ್ಟೋ ಸಲ ಮೂರನೆಯದು ಮೂರು ನಮೋ ಮರಿಯಾ ಜಪಕ್ಕೆ ಇಳಿದುಬಿಟ್ಟಿದೆ. ಆದರೆ ಕದ್ದದ್ದನ್ನು ಹಿಂದಕ್ಕೆ ಕೊಡಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಅನ್ನೋದು ಇವತ್ತಿನ ಧರ್ಮೋಪದೇಶದ ಪುಸ್ತಕದಲ್ಲೂ ಇದೆ. ಕ್ಷಮೆ ಸಿಕ್ಕಿತು ಅಂದಮಾತ್ರಕ್ಕೆ ಸಾಲ ತೀರಲಿಲ್ಲ. ಗೆಳೆಯರ ಕಾಲೆಳೆತಕ್ಕೆ ನನ್ನ ಉತ್ತರ ಇಷ್ಟೇ. ಅಷ್ಟೇನೂ ಅನುಕೂಲದ ಧರ್ಮವಲ್ಲ ಇದು.

ಅಂಗಡಿಯವನಿಗೆ ಒಂದು ಭಾಗ್ಯವಿತ್ತು. ತಾನು ಯಾರಿಗೆ ಕಡಿಮೆ ಅಳೆದೆ ಅಂತ ಅವನಿಗೆ ಗೊತ್ತಿತ್ತು. ಅವರು ಕಣ್ಣೆದುರೇ ಇದ್ದರು. ಇನ್ನೊಂದು, ಅವನು ಮಾಡುತ್ತಿದ್ದದ್ದು ಪಾಪ ಅಂತ ಊರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಮಾಡುತ್ತಿರುವುದು ಪಾಪ ಅಂತಲೇ ಯಾರಿಗೂ ಅನ್ನಿಸದಿದ್ದರೆ? ಅಲ್ಲಿ ಪಶ್ಚಾತ್ತಾಪ ಎಲ್ಲಿಂದ ಶುರುವಾಗಬೇಕು?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗೋದು ಜಾನ್ ನ್ಯೂಟನ್. ಸೇಬು ಬಿದ್ದದ್ದನ್ನು ನೋಡಿದ ನ್ಯೂಟನ್ ಅಲ್ಲ. 'ಅಮೇಜಿಂಗ್ ಗ್ರೇಸ್' ಅನ್ನುವ ಹಾಡು ಬರೆದವನು. ಇಂಗ್ಲಿಷ್ ಭಜನೆಗಳಲ್ಲಿ ಅದಕ್ಕಿಂತ ಹೆಸರಾದದ್ದು ಇನ್ನೊಂದಿಲ್ಲವೇನೋ. 2015ರ ಜೂನ್‌ನಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನ ಒಂದು ಕರಿಯರ ಚರ್ಚಿನೊಳಗೆ ಒಂಬತ್ತು ಜನರನ್ನು ಗುಂಡಿಟ್ಟು ಕೊಂದಾಗ, ಅಂತ್ಯಸಂಸ್ಕಾರದ ಸಭೆಯಲ್ಲಿ ಅಧ್ಯಕ್ಷ ಒಬಾಮಾ ಭಾಷಣ ನಿಲ್ಲಿಸಿ ಹಾಡಿದ್ದು ಇದನ್ನೇ.

ಪ್ರಸಂಗಗಳಲ್ಲಿ ನ್ಯೂಟನ್ನನ ಕತೆ ಬಹಳ ಚಿಕ್ಕದು. ಗುಲಾಮರ ಹಡಗಿನ ಕ್ಯಾಪ್ಟನ್, ಮಹಾಪಾಪಿ. ಒಂದು ರಾತ್ರಿ ಬಿರುಗಾಳಿ ಬಂತು, ದೇವರನ್ನು ಕೂಗಿದ, ಬದುಕಿದ, ವ್ಯಾಪಾರ ಬಿಟ್ಟ, ಹಾಡು ಬರೆದ. ಆಮೆನ್!

ನಿಜವಾಗಿ ನಡೆದದ್ದು ಹೀಗಲ್ಲ. ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನಲ್ಲಿ. ಏಳು ತುಂಬುವ ಮೊದಲೇ ತಾಯಿ ತೀರಿಕೊಂಡಳು. ನೌಕಾಪಡೆಯವರು ಬಲವಂತವಾಗಿ ಹಿಡಿದೊಯ್ದರು, ಓಡಿಹೋಗಲು ನೋಡಿ ಛಡಿಯೇಟು ತಿಂದ, ಆಫ್ರಿಕಾದ ಪಡುವಣ ಕರಾವಳಿಯಲ್ಲಿ ಒಬ್ಬ ಗುಲಾಮ ವ್ಯಾಪಾರಿಯ ಕೈಕೆಳಗೆ ತಾನೇ ಗುಲಾಮನಂತೆ ಹಸಿದು ಬಿದ್ದಿದ್ದ. ಅಲ್ಲಿಂದ ಪಾರಾಗಿ ಊರಿಗೆ ವಾಪಸ್ಸಾಗುವಾಗ, 1748ರ ಮಾರ್ಚಿನಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿ ಆ ಬಿರುಗಾಳಿ. ಆಗ ಅವನಿಗೆ 22 ವರ್ಷ. ದೇವರನ್ನು ಕೂಗಿದ್ದೂ ನಿಜ, ಬದುಕಿದ್ದೂ ನಿಜ, ಬದುಕಿನುದ್ದಕ್ಕೂ ಆ ದಿನವನ್ನು ಪ್ರತಿವರ್ಷ ನೆನೆದದ್ದೂ ನಿಜ.

ಆದರೆ ಅವನು ಗುಲಾಮರ ಹಡಗಿನ ಕ್ಯಾಪ್ಟನ್ ಆದದ್ದು ಅದಾದ ಮೇಲೆ! ಬಿರುಗಾಳಿಯ ವರ್ಷವೇ ಒಂದು ಗುಲಾಮರ ಹಡಗಿನಲ್ಲಿ ಮೇಟ್ ಆಗಿ ಹೊರಟ. 1750ರಿಂದ 1754ರ ನಡುವೆ ಕ್ಯಾಪ್ಟನ್ ಆಗಿ ಮೂರು ಸಲ ಹೋಗಿಬಂದ. ಆ ದಿನಗಳಲ್ಲಿ ಅವನು ಬಯ್ಗುಳ ಆಡುತ್ತಿರಲಿಲ್ಲ. ಬೈಬಲ್ ಓದುತ್ತಿದ್ದ. ಭಾನುವಾರ ನಾವಿಕರನ್ನೆಲ್ಲ ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಹೆಂಡತಿಗೆ ಪ್ರೀತಿ ಮತ್ತು ಭಕ್ತಿ ತುಂಬಿದ ಕಾಗದ ಬರೆಯುತ್ತಿದ್ದ. ಮೇಲಿನ ಅಟ್ಟದಲ್ಲಿ ಪ್ರಾರ್ಥನೆ, ಕೆಳಗಿನ ಅಟ್ಟದಲ್ಲಿ ಸಂಕೋಲೆ ಹಾಕಿದ ಗಂಡಸರು.

ಅವನ ಹಡಗಿನ ದಿನಚರಿ ಉಳಿದಿದೆ. ಅದರಲ್ಲಿ ಸತ್ತ ಗುಲಾಮರಿಗೆ ಹೆಸರಿಲ್ಲ, ನಂಬರ್ ಇದೆ. 1752ರ ಡಿಸೆಂಬರಿನಲ್ಲಿ ಗುಲಾಮರು ದಂಗೆ ಏಳಲಿದ್ದಾರೆ ಅಂತ ತಿಳಿದಾಗ, ಕೆಲವು ಹುಡುಗರ ಹೆಬ್ಬೆರಳಿಗೆ ತಿರುಪಿನ ಅಡಕೊತ್ತು ಹಾಕಿಸಿ ಬಾಯಿ ಬಿಡಿಸಿದ್ದನ್ನೂ ಅವನೇ ಬರೆದಿಟ್ಟಿದ್ದಾನೆ. ತನ್ನ ಪಾಪಗಳನ್ನು ದಿನವೂ ದೇವರಿಗೆ ಒಪ್ಪಿಸುತ್ತಿದ್ದವನು ಮಕ್ಕಳ ಬೆರಳು ಹಿಂಡಿ ತಪ್ಪೊಪ್ಪಿಗೆ ತೆಗೆದ. ಇದನ್ನು ಮೊದಲ ಸಲ ಓದಿದಾಗ ನನಗೆ ಆ ಹಾಡನ್ನು ಬಹಳ ದಿನ ಕೇಳೋದಕ್ಕೇ ಆಗಲಿಲ್ಲ.

ಹಾಗಂತ ಅವನು ಕಪಟಿ ಅಂತ ತಳ್ಳಿಹಾಕೋದಕ್ಕೂ ಮನಸ್ಸು ಬರೋದಿಲ್ಲ. ಕಪಟಿಗೆ ತಾನು ಮಾಡುತ್ತಿರೋದು ತಪ್ಪು ಅಂತ ಗೊತ್ತಿರುತ್ತೆ. ಇವನಿಗೆ ಗೊತ್ತೇ ಇರಲಿಲ್ಲ. ಆ ವ್ಯಾಪಾರ ಸರಿಯೋ ತಪ್ಪೋ ಅನ್ನುವ ಸಂಶಯವೇ ಆಗ ಬರಲಿಲ್ಲ, ದೇವರೇ ತನಗೆ ತೋರಿದ ಕಸುಬು ಅಂದುಕೊಂಡಿದ್ದೆ ಅಂತ 1764ರ ಆತ್ಮಕತೆಯಲ್ಲಿ ಅವನೇ ಹೇಳ್ತಾನೆ. ಸದಾ ಬೀಗ, ಸರಪಳಿಗಳ ನಡುವೆ ಸೆರೆಮನೆ ಕಾಯುವವನಂತೆ ಇರೋದು ಅವನಿಗೆ ಹಿಡಿಸುತ್ತಿರಲಿಲ್ಲ. ಬೇರೆ ಕೆಲಸ ಕೊಡು ಅಂತ ದೇವರಲ್ಲಿ ಬೇಡಿಕೊಂಡೂ ಇದ್ದ. ತೊಂದರೆ ಅವನಿಗೆ ಕಂಡಿತ್ತು. ಆದರೆ ಅದು ತನ್ನ ತೊಂದರೆ ಅಂತ ಕಂಡಿತ್ತೇ ಹೊರತು ಸಂಕೋಲೆಯಲ್ಲಿದ್ದವರದು ಅಂತ ಅಲ್ಲ.

1754ರಲ್ಲಿ ಸಮುದ್ರಯಾನ ಬಿಟ್ಟದ್ದೂ ಮನಸ್ಸಾಕ್ಷಿ ಚುಚ್ಚಿ ಅಲ್ಲ. ಹಡಗು ಹೊರಡುವ ಕೆಲವೇ ದಿನ ಮುಂಚೆ ಫಿಟ್ಸ್ ಬಂದು ಬಿದ್ದ, ವೈದ್ಯರು ಬೇಡವೆಂದರು. ಆಮೇಲೆ ಲಿವರ್‌ಪೂಲಿನಲ್ಲಿ ಸುಂಕದ ಕೆಲಸ, 1764ರಲ್ಲಿ ಪಾದ್ರಿ ದೀಕ್ಷೆ, ಆಲ್ನಿ ಅನ್ನುವ ಊರಿನಲ್ಲಿ ಸೇವೆ. ಆ ಹಾಡು 1773ರ ಹೊಸವರ್ಷದ ಪ್ರಾರ್ಥನೆಗೆ ಬರೆದದ್ದು. ಅಷ್ಟು ಹೊತ್ತಿಗೆ ಅವನು ಗುಲಾಮರ ಹಡಗು ಬಿಟ್ಟು ಸುಮಾರು 19 ವರ್ಷ. ಆ ವ್ಯಾಪಾರದ ವಿರುದ್ಧ ಸಾರ್ವಜನಿಕವಾಗಿ ಒಂದು ಮಾತನ್ನೂ ಇನ್ನೂ ಆಡಿರಲಿಲ್ಲ.

1785ರ ಡಿಸೆಂಬರಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಅನ್ನುವ 26 ವರ್ಷದ ಸಂಸದ ಅವನನ್ನು ನೋಡಲು ಬಂದ. ದೇವರ ಸೇವೆಗೆಂದು ರಾಜಕೀಯ ಬಿಟ್ಟುಬಿಡಲೇ ಅನ್ನುವ ಗೊಂದಲ ಆ ಹುಡುಗನಿಗೆ. ಬಿಡಬೇಡ, ಅಲ್ಲೇ ಇದ್ದು ಸೇವೆ ಮಾಡು ಅಂದ ನ್ಯೂಟನ್. ಆ ವಿಲ್ಬರ್‌ಫೋರ್ಸೇ ಮುಂದೆ ಗುಲಾಮ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡಿದ್ದು. ಕೊನೆಗೆ 1788ರಲ್ಲಿ ನ್ಯೂಟನ್ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ಸುಮಾರು ನೂರು ಟನ್ನಿನ ಹಡಗಿನಲ್ಲಿ 220ರಿಂದ 250 ಜನರನ್ನು ಹೇಗೆ ತುಂಬುತ್ತಿದ್ದರು, ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ಹೇಗೆ ಒತ್ತಾಗಿ ಮಲಗಿಸುತ್ತಿದ್ದರು, ಅಳುವ ಕೂಸು ನಿದ್ದೆ ಕೆಡಿಸಿತೆಂದು ತಾಯಿಯ ಕೈಯಿಂದ ಕಿತ್ತು ಸಮುದ್ರಕ್ಕೆ ಎಸೆದ ಮೇಟ್ ಒಬ್ಬನ ಸಂಗತಿ, ಎಲ್ಲ ಬರೆದ. ಇದರಲ್ಲಿ ನಾನೂ ಪಾಲುದಾರ, ನನ್ನ ತಪ್ಪೊಪ್ಪಿಗೆ ಬಹಳ ತಡವಾಗಿ ಬರುತ್ತಿದೆ ಅಂತಲೂ ಬರೆದ. ಸರ್ಕಾರದ ಮುಂದೆ, ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ಮರ್ಯಾದಸ್ಥ ಪಾದ್ರಿ, 60 ದಾಟಿದ ಮುದುಕ, ತಾನು ಎಂಥ ಕೆಲಸ ಮಾಡಿದ್ದೆ ಅಂತ ಲಂಡನ್ನಿನ ದೊಡ್ಡವರ ಎದುರು ವಿವರವಾಗಿ ಹೇಳಬೇಕಾಯಿತು. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚಿನಲ್ಲಿ, ನ್ಯೂಟನ್ ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ.

ಬಿರುಗಾಳಿಯಿಂದ ಆ ಹೊತ್ತಗೆಯ ತನಕ ಸರಿಯಾಗಿ 40 ವರ್ಷ. ತಿರುಗೋದಕ್ಕೆ ಅಷ್ಟು ಹೊತ್ತು ಹಿಡಿಯಿತು. ನಾಲಿಗೆ ಮೊದಲು ತಿರುಗಿತು, ಆಮೇಲೆ ಮನಸ್ಸು, ಆಮೇಲೆ ದಿನಚರಿ. ಕಸುಬು ಎಲ್ಲಕ್ಕಿಂತ ಕೊನೆಗೆ. ಅನ್ನ ಕೊಡುವ ಜಾಗವನ್ನು ಪಶ್ಚಾತ್ತಾಪ ಕೊಟ್ಟಕೊನೆಗೆ ಮುಟ್ಟುತ್ತೆ ಅಂತ ಕಾಣುತ್ತೆ. ಅಷ್ಟು ಹೊತ್ತಿಗೆ, ಸೇರು ಹಿಡಿದು ಯಾರ ಮನೆಗೆ ಹೋಗಿ ಕೊಸರು ಹಾಕೋದು? ನಂಬರಿನಲ್ಲಿ ಬರೆದಿಟ್ಟವರ ಮನೆ ಎಲ್ಲಿ? ಸೊತ್ತಿನ ಒಡೆಯ ಸಿಗದಿದ್ದರೆ ಬಡವರಿಗೆ ಕೊಡು ಅನ್ನುತ್ತೆ ನಮ್ಮ ಹಳೇ ನೀತಿಶಾಸ್ತ್ರ. ನ್ಯೂಟನ್ ಕೊಡಬಹುದಾಗಿದ್ದದ್ದು ಸಾಕ್ಷಿ ಮಾತ್ರ. ಅದು ಸಾಕಾಯಿತೇ? ಇಲ್ಲ ಅಂತಲೇ ನನಗನ್ನಿಸುತ್ತೆ. ಬಹುಶಃ ಅವನಿಗೂ ಹಾಗೇ ಅನ್ನಿಸಿರಬೇಕು.

ಒಬ್ಬನ ಕಣ್ಣು ತೆರೆಸಲು 40 ವರ್ಷ ಕಾಯಲೇಬೇಕೇ? ನಮ್ಮ ಅಜ್ಜಿಯೂರಿನ ಸ್ವಾಮಿಗಳಂಥವರು ಎದುರಿಗೆ ಕೂತಿದ್ದರೆ ಬೇಗ ಆಗುತ್ತಿತ್ತೇನೋ. ಯಾಕೆ ಹೀಗಂತೀನಿ ಅಂದರೆ, ನ್ಯೂಟನ್ನನಿಗಿಂತ ಇನ್ನೂರು ವರ್ಷ ಮುಂಚೆ ಹಾಗೆ ಆದದ್ದುಂಟು. ಸ್ಪೇನಿನವರು ಅಮೆರಿಕದ ದ್ವೀಪಗಳನ್ನು ಹಿಡಿದು ಅಲ್ಲಿನ ಮೂಲನಿವಾಸಿಗಳನ್ನು ಯಜಮಾನರಿಗೆ ದುಡಿಮೆಗೆಂದು ಹಂಚಿಕೊಡುತ್ತಿದ್ದ ಕಾಲ. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅನ್ನುವ ಪಾದ್ರಿಯೂ ಅಂಥ ಒಬ್ಬ ಯಜಮಾನ. ಅವನು ಪಾಪನಿವೇದನೆಗೆ ಹೋದಾಗ ಒಬ್ಬ ಡೊಮಿನಿಕನ್ ಗುರು, ನೀನು ಜನರನ್ನು ಆಳಾಗಿ ಇಟ್ಟುಕೊಂಡಿದ್ದೀಯ, ನಿನಗೆ ಪಾಪಕ್ಷಮೆ ಇಲ್ಲ ಅಂದುಬಿಟ್ಟ. ಆಗ ಇವನು ವಾದಕ್ಕೆ ನಿಂತ. ಆದರೆ ಆ 'ಇಲ್ಲ' ಒಳಗೆ ಮುಳ್ಳಿನಂತೆ ಉಳಿಯಿತು. 1514ರಲ್ಲಿ, ಕ್ಯೂಬಾದಲ್ಲಿ, ಪ್ರಸಂಗಕ್ಕೆ ತಯಾರಿ ಮಾಡುತ್ತಾ ಸಿರಾಖನ ಗ್ರಂಥ ಓದುವಾಗ, ಬಡವರಿಂದ ಕಿತ್ತದ್ದನ್ನು ದೇವರಿಗೆ ಬಲಿಯಾಗಿ ತರುವುದು ತಂದೆಯ ಎದುರೇ ಮಗನನ್ನು ಕೊಂದಂತೆ ಅನ್ನುವ ಅರ್ಥದ ಮಾತು ಎದುರಾಯಿತು. ತನ್ನ ಆಳುಗಳನ್ನೆಲ್ಲ ಬಿಟ್ಟುಕೊಟ್ಟ.

ಮುಂದೆ ಚಿಯಾಪಾಸ್‌ನ ಬಿಷಪ್ ಆದಾಗ, ಮೂಲನಿವಾಸಿಗಳಿಂದ ಕಿತ್ತುಕೊಂಡದ್ದನ್ನು ಹಿಂದಕ್ಕೆ ಕೊಡದ ಯಜಮಾನರಿಗೆ ಪಾಪಕ್ಷಮೆ ಕೊಡಬಾರದು ಅಂತ ಗುರುಗಳಿಗೆ ಆಜ್ಞೆ ಮಾಡಿದ. ಊರವರು ತಿರುಗಿಬಿದ್ದರು. 1552ರಲ್ಲಿ ಅಚ್ಚಾದ ಅವನ ನಿಯಮಗಳಲ್ಲಿ, ಪಾಪನಿವೇದನೆಗೂ ಮೊದಲೇ ಯಜಮಾನ ನೋಟರಿಯ ಎದುರು ಪತ್ರ ಬರೆದು ತನ್ನ ಆಸ್ತಿಯಿಂದ ಹಿಂದಕ್ಕೆ ಕೊಡಿಸುವ ಅಧಿಕಾರವನ್ನು ಗುರುವಿಗೆ ವಹಿಸಬೇಕು ಅಂತ ಇದೆ. ಕಣ್ಣೀರಿಗೆ ಬದಲು ಪತ್ರ!

ಆದರೆ ಈ ಮಹಾನುಭಾವನೂ 1516ರಲ್ಲಿ ಮೂಲನಿವಾಸಿಗಳ ಕಷ್ಟ ಇಳಿಸಲು ಆಫ್ರಿಕಾದ ಗುಲಾಮರನ್ನು ತರಿಸಬಹುದು ಅಂತ ಸಲಹೆ ಕೊಟ್ಟಿದ್ದ. ಒಬ್ಬರ ಸಂಕೋಲೆ ಕಂಡವನಿಗೆ ಇನ್ನೊಬ್ಬರದು ಕಾಣಲಿಲ್ಲ. ಮುಪ್ಪಿನಲ್ಲಿ ಅದನ್ನೂ ಬರೆದು ಮರುಗಿದ. ತಿಳಿಯದೆ ಮಾಡಿದ್ದು ಅನ್ನುವ ನೆಪ ದೇವರ ಮುಂದೆ ನಡೆಯುತ್ತೋ ಇಲ್ಲವೋ ಅನ್ನುವ ಅಳುಕು ಅವನಿಗಿತ್ತು.

ಇದೆಲ್ಲ ಎಲ್ಲಿಯದೋ ಹಳೇ ಕಾಲದ ಕತೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ನಮ್ಮ ದೇಶದ ಕ್ರೈಸ್ತರ ಕೆಳಗಿನ ಅಟ್ಟದಲ್ಲಿ ಯಾರಿದ್ದಾರೆ? ಜಾತಿ ಹೊರಗೇ ಉಳಿಯಿತು, ಚರ್ಚಿನೊಳಗೆ ಬರಲಿಲ್ಲ ಅಂತ ನಾವು ಹೇಳಿಕೊಳ್ಳುತ್ತಾ ಬಂದೆವು. ಪಕ್ಕದ ತಮಿಳುನಾಡಿನ ಕೆಲವು ಊರುಗಳಲ್ಲಿ ದಲಿತ ಕ್ರೈಸ್ತರ ಸಮಾಧಿಗಳಿಗೂ ಮಿಕ್ಕವರ ಸಮಾಧಿಗಳಿಗೂ ನಡುವೆ ಗೋಡೆ ಎದ್ದು ನಿಂತಿತ್ತು. 2003ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ತಮಿಳುನಾಡಿನ ಬಿಷಪ್ಪರಿಗೆ ಜಾತಿ ಭೇದದ ಬಗ್ಗೆ ನೇರವಾಗಿಯೇ ಹೇಳಬೇಕಾಯಿತು. ಭಾರತದ ಕಥೋಲಿಕ ಬಿಷಪ್ಪರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣದ ನೀತಿ ಹೊರತಂದು, ಧರ್ಮಸಭೆಯೊಳಗೇ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡದೇ. ಆದರೆ ಅದು ಮೂರರಲ್ಲಿ ಎರಡನೆಯದು. ಮೂರನೆಯದು ಒಂದೊಂದು ಊರಿನಲ್ಲೂ, ಒಂದೊಂದು ಮದುವೆ ಮಾತುಕತೆಯಲ್ಲೂ ಅಳೆದು ಕೊಡಬೇಕಾದದ್ದು.

ಅಷ್ಟು ದೊಡ್ಡ ವಿಷಯ ಬೇಡ ಅಂದರೆ ಚಿಕ್ಕದನ್ನೇ ನೋಡೋಣ. ತಪಸ್ಸುಕಾಲದ ನಲವತ್ತು ದಿನ ಮಾಂಸ ಬಿಡುವ ಮನೆಯಲ್ಲಿ ಕೆಲಸದವಳಿಗೆ ಸಂಬಳ ತಿಂಗಳ ಹತ್ತನೇ ತಾರೀಖಿಗೆ ಸಿಗುತ್ತೆ. ಅಣ್ಣತಮ್ಮಂದಿರ ಪಾಲಿನ ಗುಂಟೆ ಜಾಗ ಒತ್ತರಿಸಿಕೊಂಡವರು ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತಾರೆ. ಯಾರೂ ಕೆಟ್ಟವರಲ್ಲ. ಎಲ್ಲರೂ ಜಪಸರ ತಪ್ಪಿಸದವರೇ. ಸೇರಿನ ತಳವನ್ನು ಯಾರೂ ಬೋರಲು ಹಾಕಿ ನೋಡಿಲ್ಲ, ಅಷ್ಟೇ.

ಅಜ್ಜಿಯನ್ನು ನಾನೊಮ್ಮೆ ಕೇಳಿದ್ದೆ, ಅಂಗಡಿಯವನ ಸಾಲ ಪೂರ್ತಿ ತೀರಿತಾ ಅಂತ. ಅಷ್ಟರಲ್ಲಿ ಎಷ್ಟೋ ಗಿರಾಕಿಗಳು ಸತ್ತುಹೋಗಿದ್ದರು, ಕೆಲವರು ಕೂಲಿ ಹುಡುಕಿಕೊಂಡು ಬೆಂಗಳೂರು ಸೇರಿದ್ದರು. ಅಂಥವರ ಮೊಮ್ಮಕ್ಕಳು ಯಾರಾದರೂ ಅಂಗಡಿಗೆ ಬಂದರೆ ಅವನು ಮೊದಲು "ಯಾರ ಮನೆ ಮಗ ನೀನು?" ಅಂತ ಕೇಳಿ, ಆಮೇಲೆ ಅಳೆಯುತ್ತಿದ್ದನಂತೆ. ತೀರಿತೋ ಇಲ್ಲವೋ ಅವಳಿಗೂ ಗೊತ್ತಿಲ್ಲ.

ಪಾವಿತ್ರ್ಯ ಅಂದರೆ ನನಗೆ ಈಗ ಆ ಪ್ರಶ್ನೆಯೇ ನೆನಪಿಗೆ ಬರುತ್ತೆ. ಯಾರ ಮನೆ ಮಗ ನೀನು, ನಿಮ್ಮ ಮನೆಗೆ ನಾನು ಎಷ್ಟು ಕೊಡಬೇಕು ಅಂತ ಕೇಳುತ್ತಲೇ ಇರೋದು. ನಿಮ್ಮ ಊರುಗಳಲ್ಲೂ, ನಿಮ್ಮ ನಿಮ್ಮ ಧರ್ಮಗಳಲ್ಲೂ ಇಂಥ ಕೊಸರಿನ ಕತೆಗಳು ಇದ್ದೇ ಇರುತ್ತವೆ. ಇದ್ದರೆ ಬರೆಯಿರಿ, ಓದೋಣ.